ಹುಬ್ಬೇರದ ಕಚೇರಿಗೆ ಉಬ್ಬಿಲ್ಲದ ರಸ್ತೆಯಿಂದ

ರಸ್ತೆ ವಿಭಾಗದ ಮುಖ್ಯ ಎಂಜಿನಿಯರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಶಾಲೆಯ ಗೇಟಿಗೆ ಎದುರಾಗಿರುವ ಮುದ್ರಣಾಲಯದ ಕಿಟಕಿ ಪಕ್ಕದಲ್ಲಿ ಕುಳಿತು, ಇಪ್ಪತ್ತೊಂದು ವರ್ಷಗಳಿಂದ ಅನ್ಯರ ಅಕ್ಷರಗಳಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆಯುತ್ತಿರುವ ಕರಡು ತಿದ್ದುವವನೊಬ್ಬನ ಸಾಷ್ಟಾಂಗ ನಮಸ್ಕಾರಗಳನ್ನು ತಾವು ದಯಮಾಡಿ ಸ್ವೀಕರಿಸಬೇಕು. ಸಾಷ್ಟಾಂಗವನ್ನು ರಸ್ತೆಯ ಈಚೆ ಬದಿಯಲ್ಲಿಯೇ ಹಾಕಿದ್ದೇನೆ. ತಮ್ಮ ಕಚೇರಿಯ ತನಕ ಬಂದು ಅಡ್ಡ ಬೀಳೋಣವೆಂದರೆ ನಡುವೆ ತಾವೇ ಹಾಕಿಸಿದ ರಸ್ತೆಯಿದೆ. ಅಲ್ಲಿ ಅಡ್ಡ ಬಿದ್ದವನಿಗೆ ಮತ್ತೆ ಏಳುವ ಭರವಸೆ ಇಲ್ಲ.

ತಮ್ಮ ಕ್ಷೇಮಸಮಾಚಾರವನ್ನು ನಾನು ಕೇಳಿ ತಿಳಿಯಬೇಕಾದ್ದಿಲ್ಲ. ಅದು ಅರವತ್ತನಾಲ್ಕು ಪುಟಗಳಲ್ಲಿ ನನ್ನ ಮೇಜಿನ ಮೇಲೆಯೇ ಹರಡಿಕೊಂಡಿದೆ. ಬರುವ ಭಾನುವಾರ ಸಂಜೆ ತಮ್ಮ ಸಿಬ್ಬಂದಿ ಏರ್ಪಡಿಸಿರುವ ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಬಿಡುಗಡೆಯಾಗಲಿರುವ ‘ನಂಬಿಕೆಯ ಆಳು’ ಎಂಬ ತಮ್ಮ ಅಭಿನಂದನಾ ಪುಸ್ತಕ ನಮ್ಮಲ್ಲಿಯೇ ಅಚ್ಚಾಗುತ್ತಿದ್ದು, ಅದನ್ನು ಅಕ್ಷರ ಅಕ್ಷರವಾಗಿ ಓದುವ ಭಾಗ್ಯ ನನ್ನ ಪಾಲಿಗೆ ಬಂದಿದೆ. ತಾವು ಎಳವೆಯಲ್ಲಿ ಐದು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದಿರೆಂದು ಹನ್ನೊಂದನೇ ಪುಟದಲ್ಲಿ ಓದಿ ಕಣ್ಣು ತುಂಬಿ ಬಂತು. ಐದು ಮೈಲಿ ನಡೆದು, ಎಲ್ಲಿಯೂ ಒಂದು ರಸ್ತೆಯನ್ನೂ ದಾಟದೆ ಶಾಲೆ ತಲುಪಿದ ಇನ್ನೊಬ್ಬರನ್ನು ನಾನು ಕಂಡಿಲ್ಲ, ಕೇಳಿಲ್ಲ. ದಾಟಿದ್ದರೆ ತಮಗೆ ನೆನಪಿರುತ್ತಿತ್ತು. ನೆನಪಿದ್ದಿದ್ದರೆ ನನಗೆ ಈ ಪತ್ರ ಬರೆಯುವ ಕೆಲಸ ಇರುತ್ತಿರಲಿಲ್ಲ.

ಹದಿನಾಲ್ಕನೇ ಪುಟದಲ್ಲಿ, ತಮ್ಮ ಕಾಲದಲ್ಲಿ ರಸ್ತೆಗಳು ಬೆಣ್ಣೆಯಂತಾದವು ಎಂಬ ಮಾತಿದೆ. ಅದಕ್ಕೆ ನಮ್ಮ ರಸ್ತೆಯೇ ಸಾಕ್ಷಿ. ಎರಡು ವರ್ಷದ ಹಿಂದೆ ಅದು ಇದ್ದುದು ಎರಡು ಗಾಡಿ ಎದುರಾದರೆ ಒಂದು ನಾಚಿ ನಿಲ್ಲಬೇಕಾದಷ್ಟು ಅಗಲ. ಶಾಲೆಯ ಗೇಟಿನ ಮುಂದೆ ಯಾವ ಕಾಲದ್ದೋ ಒಂದು ಉಬ್ಬು, ಜನರ ಬಾಯಲ್ಲಿ ಹಂಪ್, ಇತ್ತು. ಮಕ್ಕಳು ಅದಕ್ಕೆ ‘ಅಜ್ಜಿ ಬೆನ್ನು’ ಎಂದು ಹೆಸರಿಟ್ಟಿದ್ದರು. ಎಂಥ ಅವಸರದ ಲಾರಿಯೂ ಅಜ್ಜಿ ಬೆನ್ನಿನ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು, ಮೆಲ್ಲಗೆ ಹತ್ತಿ, ಮೆಲ್ಲಗೆ ಇಳಿದು ಹೋಗುತ್ತಿತ್ತು. ರಸ್ತೆ ಅಗಲ ಮಾಡಿ ಹೊಸ ಡಾಂಬರು ಹಾಕುವಾಗ ತಮ್ಮವರು ಅದನ್ನು ಬೆಣ್ಣೆಯಿಂದ ಕೂದಲೆಳೆದಂತೆ ತೆಗೆದು ಹಾಕಿದರು. ಮುದಿವಯಸ್ಸಿನಲ್ಲಿ ಅಜ್ಜಿಯ ಬೆನ್ನು ನೆಟ್ಟಗೆ ಮಾಡಿದ ವೈದ್ಯರು ಜಗತ್ತಿನಲ್ಲಿ ತಾವೊಬ್ಬರೇ. ಅಂದಿನಿಂದ ವಾಹನಗಳು ಶಾಲೆಯ ಮುಂದೆ ಹೋಗುವುದು ನಮಗೆ ಕಾಣಿಸುವುದಿಲ್ಲ, ಹೋದದ್ದು ಮಾತ್ರ ಕಾಣಿಸುತ್ತದೆ. ಇನ್ನೂರ ನಲವತ್ತು ಮಕ್ಕಳು ಬೆಳಿಗ್ಗೆ ಎಂಟೂ ನಲವತ್ತರಿಂದ ಒಂಬತ್ತೂ ಹತ್ತರ ತನಕ ಆ ಬೆಣ್ಣೆಯನ್ನು ದಾಟಬೇಕು. ಅವರಲ್ಲಿ ಒಬ್ಬಳು ಎರಡನೇ ತರಗತಿಯಲ್ಲಿ ಓದುತ್ತಿರುವ, ನನ್ನ ತಂಗಿಯ ಮಗಳು.

ಈಗ ನಮ್ಮ ಕಡೆಯ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಗೇಟಿನ ಎರಡು ಬದಿಗೆ ಎರಡು ಉಬ್ಬು ಬೇಕೆಂದು ಮುಖ್ಯೋಪಾಧ್ಯಾಯಿನಿಯವರು, ಎಂದರೆ ನಾವೆಲ್ಲ ‘ದೊಡ್ಡ ಟೀಚರ್’ ಎನ್ನುವವರು, ತಮ್ಮ ಕಚೇರಿಗೆ ಒಂದು ಅರ್ಜಿ ಬರೆದರು. “ಕೈಬರಹ ಆದ್ರೆ ಅವರು ಕೈಗೇ ತಗೊಳಲ್ಲ ಕಣಪ್ಪ, ನಿಮ್ಮಲ್ಲಿ ಚೆಂದಾಗಿ ಟೈಪ್ ಮಾಡಿಸಿಕೊಡು” ಎಂದು ಅದನ್ನು ನನ್ನ ಕೈಗೆ ಕೊಟ್ಟರು. ನಮ್ಮಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವವನನ್ನು ಎಲ್ಲರೂ ಕರೆಯುವುದು ಹಕಾರಪ್ಪ ಎಂದು. ಅವನ ನಾಲಿಗೆಯ ಮೇಲೆ ಹಾಲು ಆಲಾಗುತ್ತದೆ, ಆನೆ ಹಾನೆಯಾಗುತ್ತದೆ, ನನ್ನನ್ನು ಬಾಯ್ತುಂಬ ಅಣ್ಣ ಎನ್ನಹೋಗಿ ದಿನಕ್ಕೆ ಇಪ್ಪತ್ತು ಸಲ ಹಣ್ಣು ಮಾಡುತ್ತಾನೆ. ನಾಲಿಗೆಯದು ಬೆರಳಿಗೂ ಇಳಿದಿದೆ. ಹಂಪ್ ಎಂಬ ಮಾತಿನಲ್ಲಿ ನ್ಯಾಯವಾಗಿ ಇರುವ ಹಕಾರವನ್ನು ಕಿತ್ತು “ಅಂಪ್” ಎನ್ನುವ ಈ ಮಹಾಶಯ, ಹಾಗೆ ಮಿಕ್ಕ ಹಕಾರ ದಂಡವಾಗಬಾರದೆಂದು ತಂದು ಉಬ್ಬಿಗೆ ಅಂಟಿಸಿದ. ಕರಡನ್ನು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದೆ; ಎಣ್ಣೆ ಹೆಚ್ಚಾಯಿತೋ ಏನೋ, ಕಣ್ಣು ಆ ಒಂದು ಕಡೆ ಜಾರಿತು. ದೊಡ್ಡ ಟೀಚರ್ ನನ್ನನ್ನು ನಂಬಿ ಓದದೆ ಸಹಿ ಹಾಕಿದರು. ಹೀಗೆ ತಮ್ಮ ಕಚೇರಿಗೆ ಬಂದ ಅರ್ಜಿಯ ವಿಷಯ: ‘ಶಾಲೆಯ ಮುಂಭಾಗದ ರಸ್ತೆಗೆ ಎರಡು ಹುಬ್ಬುಗಳನ್ನು ಒದಗಿಸಿಕೊಡುವ ಬಗ್ಗೆ.’

ಇಂಥ ಅರ್ಜಿ ಬಂದರೆ ಯಾರಾದರೂ ನಕ್ಕು ವಾಪಸು ಕಳಿಸುತ್ತಾರೆ, ನಾವು ನಾಚಿ ತಿದ್ದಿಕೊಳ್ಳುತ್ತೇವೆ ಎಂದು ತಾವು ಭಾವಿಸಬಹುದು. ಅದು ಸಾಮಾನ್ಯ ಕಚೇರಿಗಳ ಮಾತು. ತಮ್ಮ ಕಚೇರಿ ಏಳು ತಿಂಗಳು ಆ ಹುಬ್ಬುಗಳ ಮೇಲೆ ಗಂಭೀರವಾಗಿ ಚಿಂತನೆ ನಡೆಸಿ ಕೊಟ್ಟ ಉತ್ತರವನ್ನು ನಾನು ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದೇನೆ. ‘ಸದರಿ ಸ್ಥಳವನ್ನು ಖುದ್ದು ಪರಿಶೀಲಿಸಲಾಗಿದ್ದು, ಸದರಿ ರಸ್ತೆಗೆ ಹುಬ್ಬುಗಳ ಅವಶ್ಯಕತೆ ಕಂಡುಬಂದಿರುವುದಿಲ್ಲ. ಹುಬ್ಬುಗಳಿಂದ ವಾಹನಗಳ ಸುಗಮ ಸಂಚಾರಕ್ಕೆ ಅಡಚಣೆಯಾಗುವ ಸಂಭವವಿರುತ್ತದೆ. ಮುಂದುವರಿದು, ನಗರದಾದ್ಯಂತ ಇರುವ ಅನಧಿಕೃತ ಹುಬ್ಬುಗಳನ್ನು ಹಂತಹಂತವಾಗಿ ತೆರವುಗೊಳಿಸಲಾಗುತ್ತಿದೆ.’ ಆ ಕೆಲಸವನ್ನು ಬ್ಯೂಟಿ ಪಾರ್ಲರಿನವರು ನೂಲು ಹಿಡಿದು ಮಾಡುತ್ತಾರೆಂದು ಇಷ್ಟು ದಿನ ತಿಳಿದಿದ್ದೆವು. ಸರಕಾರವೇ ಕೈಗೆತ್ತಿಕೊಂಡಿದೆ ಎಂದು ಗೊತ್ತಿರಲಿಲ್ಲ. ಪತ್ರ ಓದುತ್ತಿದ್ದ ದೊಡ್ಡ ಟೀಚರ್ ಕೊನೆಯ ಸಾಲಿಗೆ ಬಂದಾಗ ಗಾಬರಿಯಿಂದ ಹುಬ್ಬು ಮುಟ್ಟಿ ನೋಡಿಕೊಂಡರು.

ಆ ಪತ್ರದ ಕೆಳಗೆ ಐದು ಸಹಿಗಳಿವೆ. ಗುಮಾಸ್ತರದು, ಅವರ ಮೇಲ್ವಿಚಾರಕರದು, ಸಹಾಯಕ ಎಂಜಿನಿಯರರದು, ಅವರ ಮೇಲಿನವರದು, ಎಲ್ಲಕ್ಕೂ ಕಳಶವಿಟ್ಟಂತೆ ಹಸಿರು ಶಾಯಿಯಲ್ಲಿ ತಮ್ಮದು. ಐದು ಮೇಜುಗಳನ್ನು ದಾಟಿ ಹೋದ ಎರಡು ಹುಬ್ಬುಗಳನ್ನು ಕಂಡು ಒಬ್ಬರ ಹುಬ್ಬೂ ಏರಲಿಲ್ಲ. ನನ್ನ ಕಣ್ಣು ಒಂದು ಸಲ ಜಾರಿದ್ದಕ್ಕೆ ನಾನು ಮೂರು ರಾತ್ರಿ ನಿದ್ದೆಗೆಟ್ಟೆ. ತಮ್ಮಲ್ಲಿ ಐದು ಜೊತೆ ಕಣ್ಣು ಒಂದೇ ಕಡೆ ಒಟ್ಟಿಗೆ ಜಾರಿದವು. ರಸ್ತೆ ಅಷ್ಟು ನಯವಾಗಿರುವಾಗ ಕಚೇರಿ ಮಾತ್ರ ಒರಟಾಗಿರಲು ಸಾಧ್ಯವೇ?

ತಪ್ಪು ನಮ್ಮದೇ ಎಂದು, ‘ಹುಬ್ಬು ಎಂದಿರುವುದನ್ನು ಉಬ್ಬು ಎಂದು ತಿದ್ದಿ ಓದಿಕೊಳ್ಳಬೇಕಾಗಿ ವಿನಂತಿ’ ಎಂಬ ಒಂದೇ ಸಾಲಿನ ತಿದ್ದೋಲೆ ಕಳಿಸಿದೆವು. ಅದಕ್ಕೆ ಒಂಬತ್ತೇ ದಿನದಲ್ಲಿ ಉತ್ತರ ಬಂತು. ತಿದ್ದುವುದಿಲ್ಲ ಎನ್ನುವಾಗ ತಮ್ಮ ಕಚೇರಿಗೆ ಬರುವ ವೇಗ ತಮ್ಮ ರಸ್ತೆಗೂ ಬಂದಿಲ್ಲ. ವಿಲೇವಾರಿಯಾದ ಅರ್ಜಿಯಲ್ಲಿ ಒಂದು ಅಕ್ಷರವನ್ನೂ ತಿದ್ದಲು ಅವಕಾಶವಿಲ್ಲ, ಬೇಕಿದ್ದರೆ ಹೊಸ ಅರ್ಜಿ ಹಾಕಬಹುದು, ಆದರೆ ಉಬ್ಬಿಗೆ ಅರ್ಹತೆ ಪಡೆಯಲು ಅದೇ ಸ್ಥಳದಲ್ಲಿ ಪಾದಚಾರಿಗಳಿಗೆ ಸಂಬಂಧಿಸಿದ ಮೂರು ಅಪಘಾತಗಳಾದರೂ ದಾಖಲಾಗಿರಬೇಕು ಎಂದಿತ್ತು. ಶಾಲೆ ಎಂದ ಮೇಲೆ ಅರ್ಹತಾ ಪರೀಕ್ಷೆ ಇದ್ದದ್ದೇ. ಮೂವತ್ತೈದಕ್ಕೆ ಪಾಸು ಎನ್ನುವ ಲೋಕದಲ್ಲಿ ತಾವು ಮೂರಕ್ಕೇ ಪಾಸು ಮಾಡುತ್ತಿದ್ದೀರಿ. ಆದರೂ ನಮ್ಮ ಮಕ್ಕಳು ಮೈಗಳ್ಳರು, ಒಬ್ಬರಾದರೂ ಮುಂದೆ ಬರಲಿಲ್ಲ.

ಅದಕ್ಕೆ ಕಾರಣ ಆಯಮ್ಮ. ಶಾಲೆಯಲ್ಲಿ ಕಸ ಗುಡಿಸಿ, ಗಂಟೆ ಬಾರಿಸಿ, ಮೂಗು ಸೋರುವ ಮಕ್ಕಳಿಗೆ ಮೂಗು ಒರೆಸುವ, ಐವತ್ತೇಳು ವರ್ಷದ, ನನ್ನ ಭುಜಕ್ಕೂ ಬಾರದ ಹೆಂಗಸು. ಅಜ್ಜಿ ಬೆನ್ನು ಹೋದ ಮಾರನೆಯ ದಿನವೇ ಆಕೆ ಕುಡಿಯುವ ನೀರಿನ ಡ್ರಮ್ಮಿನ ಕೆಂಪು ಮುಚ್ಚಳವನ್ನು ಕೈಯಲ್ಲಿ ಹಿಡಿದು ರಸ್ತೆಯ ನಡುವೆ ಹೋಗಿ ನಿಂತರು. ಮುಚ್ಚಳ ಎತ್ತಿದರೆ ವಾಹನ ನಿಲ್ಲಬೇಕು, ಇಳಿಸಿದರೆ ಹೋಗಬೇಕು. ಇದನ್ನು ಯಾವ ಅಧಿಸೂಚನೆಯಲ್ಲೂ ಬರೆದಿರಲಿಲ್ಲ, ಆದರೂ ಎಲ್ಲರಿಗೂ ಅರ್ಥವಾಯಿತು. ನಿಲ್ಲಿಸದೆ ನುಗ್ಗಲು ನೋಡಿದ ಬೈಕಿನವರಿಗೆ, “ಎಲ್ಲಿಗಪ್ಪ ಅಷ್ಟು ಅವಸರ, ನಿಮ್ಮಪ್ಪನ ಮದುವೆಗಾ?” ಎಂದು ಕೇಳುತ್ತಿದ್ದರು, ಬೈಕಿನವರು ಕಾಲೂರಿ ನಿಲ್ಲುತ್ತಿದ್ದರು. ನಾನೂ ಕೆಂಪಿನ ಮನುಷ್ಯನೇ, ದಿನವಿಡೀ ಕೆಂಪು ಪೆನ್ನು ಹಿಡಿದವನು. ಆದರೆ ನನ್ನ ಕೆಂಪು ನಿಲ್ಲಿಸುವುದು ಕಾಗದದ ಮೇಲಿನ ತಪ್ಪನ್ನು. ಆಕೆಯ ಕೆಂಪು ನಿಲ್ಲಿಸುತ್ತಿದ್ದುದು ಹನ್ನೆರಡು ಚಕ್ರದ ತಪ್ಪನ್ನು.

ಹೋದ ತಿಂಗಳ ಎರಡನೇ ಗುರುವಾರ ಬೆಳಿಗ್ಗೆ, ಸಾಲಿನ ಕೊನೆಯಲ್ಲಿದ್ದ ನನ್ನ ತಂಗಿಯ ಮಗಳ ಪೆನ್ಸಿಲ್ ಡಬ್ಬಿ ರಸ್ತೆಯ ನಡುವೆ ಬಿದ್ದು ಬಾಯಿ ತೆರೆಯಿತು. ಅವಳು ಕುಳಿತು ಒಂದೊಂದೇ ಪೆನ್ಸಿಲ್ ಆಯತೊಡಗಿದಳು. ಆ ಅಚ್ಚುಕಟ್ಟನ್ನು ಕಲಿಸಿದ್ದೇ ನಾನು. ನಿಂತಿದ್ದ ವಾಹನಗಳನ್ನು ಹಿಂದಿಕ್ಕಿ ನೀರಿನ ಬಾಟಲಿ ಸಾಗಿಸುವ ವ್ಯಾನೊಂದು ಬಂತು. ನಾನು ಕಿಟಕಿಯಲ್ಲಿದ್ದೆ. ಕೆಂಪು ಪೆನ್ನು ಕೈಯಲ್ಲೇ ಇತ್ತು, ಕೈಯಲ್ಲೇ ಉಳಿಯಿತು. ಆಯಮ್ಮ ಎಡಗೈಯಲ್ಲಿ ಮಗುವನ್ನು ನೂಕಿ ಬಲಗೈಯ ಮುಚ್ಚಳವನ್ನು ವ್ಯಾನಿನ ಮುಖಕ್ಕೆ ಹಿಡಿದರು. ಮುಚ್ಚಳ ಚಕ್ರದ ಅಡಿ ನಾಲ್ಕು ಚೂರಾಯಿತು, ಆಯಮ್ಮನ ಮಣಿಕಟ್ಟಿನ ಮೂಳೆ ಎರಡು. ವ್ಯಾನು ನಿಲ್ಲಲಿಲ್ಲ, ಬೆಣ್ಣೆಯ ರಸ್ತೆಗೆ ಅವಮಾನವಾಗದ ಹಾಗೆ ನಡೆದುಕೊಂಡಿತು. ಸಂಜೆ ಮನೆಯಲ್ಲಿ ಆ ಮಗು ನನ್ನ ಪಕ್ಕ ಬಂದು ಕುಳಿತು, “ಮಾವ, ಆಯಮ್ಮನ ಮುಚ್ಚಳ ಸತ್ತೋಯ್ತು” ಎಂದಳು.

ಮರುದಿನ ಮಕ್ಕಳು ಮನೆಮನೆಯಿಂದ ಮುಚ್ಚಳ ತಂದರು. ಡಬ್ಬಿಯದು, ಬಕೆಟಿನದು, ಕುಕ್ಕರಿನದು. ಆಯಮ್ಮ ಅವುಗಳಲ್ಲಿ ಕೆಂಪಗಿದ್ದ ಬಣ್ಣದ ಡಬ್ಬದ ಮುಚ್ಚಳವೊಂದನ್ನು ಆರಿಸಿಕೊಂಡು, ಬಲಗೈ ಕಟ್ಟಿನಲ್ಲಿದ್ದುದರಿಂದ ಎಡಗೈಯಲ್ಲಿ ಹಿಡಿದು, ಎಂಟೂ ನಲವತ್ತಕ್ಕೆ ಅಲ್ಲೇ ಹೋಗಿ ನಿಂತರು. ದೊಡ್ಡ ಟೀಚರ್ ಹೊಸ ಅರ್ಜಿ ಬರೆದರು. ಮೂರರಲ್ಲಿ ಒಂದು ಅಪಘಾತ ಆಗಿದೆ, ಉಳಿದ ಎರಡಕ್ಕೆ ದಯವಿಟ್ಟು ಕಾಯಬೇಡಿ ಎಂದು ಕೇಳಿದರು. ಈ ಸಲ ಉಬ್ಬನ್ನು ನಾನು ಏಳು ಸಲ ಓದಿದೆ.

ಆಗ ತಾವು ಕಳಿಸಿಕೊಟ್ಟ ಪರಿಶೀಲನಾಧಿಕಾರಿಯನ್ನು ನಾನು ಕಿಟಕಿಯಿಂದ ಕಣ್ತುಂಬ ನೋಡಿದೆ. ಮಕ್ಕಳೆಲ್ಲ ತರಗತಿಯಲ್ಲಿ ಮಗ್ಗಿ ಹೇಳುತ್ತಿದ್ದ ಮಧ್ಯಾಹ್ನ ಎರಡೂ ಕಾಲಿಗೆ ಬಂದು, ಗೇಟಿನ ಪಕ್ಕ ಹತ್ತು ನಿಮಿಷ ನಿಂತು, ರಸ್ತೆ ದಾಟುವ ಮಕ್ಕಳ ಸಂಖ್ಯೆ ಸೊನ್ನೆ ಎಂದು ಬರೆದುಕೊಂಡರು. ಅಷ್ಟಾದ ಮೇಲೆ ಅವರಿಗೆ ಚಹಾ ಬೇಕೆನಿಸಿತು. ಚಹಾದಂಗಡಿ ಇರುವುದು ನಮ್ಮ ಬದಿಯಲ್ಲಿ. ಒಂದು ಹೆಜ್ಜೆ ಮುಂದಿಟ್ಟರು, ಎರಡು ಹೆಜ್ಜೆ ಹಿಂದಿಟ್ಟರು; ಮತ್ತೆ ಮುಂದೆ, ಮತ್ತೆ ಹಿಂದೆ. ಹನ್ನೊಂದು ನಿಮಿಷ ನಡೆದ ಆ ನರ್ತನವನ್ನು ನಾನೂ ಹಕಾರಪ್ಪನೂ ಕೆಲಸ ಬಿಟ್ಟು ನೋಡಿದೆವು. “ಹಣ್ಣಾ, ಈ ಸಾಹೇಬ್ರು ಹಿವತ್ತು ಹಾಚೆನೇ ಹಿರ್ತಾರೆ” ಎಂದ ಅವನು. ಕೊನೆಗೆ ಆಯಮ್ಮ ಕೈಕಟ್ಟಿನೊಂದಿಗೆ ಹೊರಗೆ ಬಂದು, “ಬನ್ನಿ ಸಾರ್, ಕೈ ಕೊಡಿ. ನಾಚ್ಕೋಬೇಡಿ, ಮೂರನೇ ಕ್ಲಾಸಿನವರೂ ಕೊಡ್ತಾರೆ” ಎಂದು ಕಟ್ಟಿನ ಹೊರಗಿದ್ದ ಬೆರಳುಗಳನ್ನು ಚಾಚಿ, ಎಡಗೈಯಲ್ಲಿ ಮುಚ್ಚಳ ಹಿಡಿದು, ಅವರನ್ನು ದಾಟಿಸಿ, ಚಹಾ ಮುಗಿಯುವ ತನಕ ಕಾದು, ಮತ್ತೆ ಕೈಹಿಡಿದು ಆಚೆ ಬಿಟ್ಟರು.

ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ದಾಟಿಸಿದ ಕೈಯ ಬಗ್ಗೆ ಹಿರಿಯರು ಏನೂ ಹೇಳಿಲ್ಲವಾದ್ದರಿಂದ, ಆ ಅಧಿಕಾರಿಯವರು ಸ್ವಾನುಭವವನ್ನೇ ವರದಿ ಮಾಡಿದರು. ಈ ಮಂಗಳವಾರ ಶಾಲೆಗೆ ಬಂದ ತಮ್ಮ ಪತ್ರದಲ್ಲಿ ಎರಡು ಭಾಗಗಳಿವೆ. ಮೊದಲನೆಯದರಲ್ಲಿ, ಮಗುವಿಗೆ ಪೆಟ್ಟಾಗಿಲ್ಲ, ಮುಚ್ಚಳವು ಪಾದಚಾರಿಯ ವ್ಯಾಖ್ಯೆಯಲ್ಲಿ ಬರುವುದಿಲ್ಲ, ಪಾದಚಾರಿ ಎಂದರೆ ನಡೆಯುವವರು, ಆಯಮ್ಮ ಎಂಬುವರು ಘಟನೆಯ ವೇಳೆ ನಿಂತಿದ್ದರಾದ್ದರಿಂದ ಅವರೂ ಪಾದಚಾರಿಯಲ್ಲ, ಹೀಗಾಗಿ ದಾಖಲಾದ ಅಪಘಾತಗಳು ಶೂನ್ಯ ಎಂದಿದೆ. ಶಬ್ದಾರ್ಥದಲ್ಲಿ ಇಷ್ಟು ನಿಷ್ಠೆ ಇರುವ ಕಚೇರಿ, ಹುಬ್ಬಿಗೂ ಉಬ್ಬಿಗೂ ವ್ಯತ್ಯಾಸ ಕಾಣದ ಕಚೇರಿಯೇ ಎಂದು ನಾನು ವಿಳಾಸವನ್ನು ಎರಡು ಸಲ ನೋಡಿದೆ. ಎರಡನೆಯ ಭಾಗ ಆಯಮ್ಮನಿಗೆ ನೋಟೀಸು: ಯಾವುದೇ ಅಧಿಕಾರವಿಲ್ಲದೆ ಕೆಂಪು ಬಣ್ಣದ ವೃತ್ತಾಕಾರದ ವಸ್ತುವನ್ನು ಪ್ರದರ್ಶಿಸಿ ವಾಹನಗಳನ್ನು ತಡೆಯುತ್ತಿರುವುದು ಕಂಡುಬಂದಿದ್ದು, ಕೂಡಲೇ ನಿಲ್ಲಿಸತಕ್ಕದ್ದು, ತಪ್ಪಿದಲ್ಲಿ ಅವರ ಮೇಲೂ ಅವರನ್ನು ಕೆಲಸಕ್ಕಿಟ್ಟುಕೊಂಡ ಶಾಲೆಯ ಮೇಲೂ ಕ್ರಮ ಜರುಗಿಸಲಾಗುವುದು.

ಶಾಲೆಗೆ ಈಗ ರಜೆ. ಸೋಮವಾರ ಬಾಗಿಲು ತೆರೆಯುತ್ತದೆ. ದೊಡ್ಡ ಟೀಚರ್ ಬೇರೆ ದಾರಿ ಕಾಣದೆ, ಸೋಮವಾರದಿಂದ ಗೇಟಿನ ಹೊರಗೆ ಕಾಲಿಡಬೇಡ ಎಂದು ಆಯಮ್ಮನಿಗೆ ಹೇಳಿದ್ದಾರೆ. ಆಯಮ್ಮ ಆ ಕಾಗದವನ್ನು ಹಿಡಿದು ನಮ್ಮಲ್ಲಿಗೆ ಬಂದು, “ಇದರಲ್ಲಿ ಏನು ಬರ್ದಿದಾರೆ, ಸರಿಯಾಗಿ ಓದಿ ಹೇಳಪ್ಪ, ನೀನು ಓದೋನು” ಎಂದರು. ನಾನು ಓದಿದೆ. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. “ಹಂಗಾದ್ರೆ ಸೋಮವಾರ ನಾನು ಗೇಟಿನ ಒಳಗೆ ನಿಂತ್ಕೊಂಡು ಸುಮ್ನೆ ನೋಡ್ತಾ ಇರ್ಬೇಕಾ?” ಎಂದಷ್ಟೇ ಕೇಳಿದರು. ಹೀಗೆ ನೋಡುತ್ತಾ ಇರುವುದರಲ್ಲಿ ಅನುಭವಸ್ಥನಾದ ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಆದ್ದರಿಂದ, ಮಾನ್ಯರೇ, ತಮ್ಮ ಅಮೂಲ್ಯ ಕೊನೆಯ ವಾರದಲ್ಲಿ ಕೆಲವು ಸಣ್ಣ ಬೇಡಿಕೆಗಳನ್ನು ಇಡುತ್ತಿದ್ದೇನೆ. ಉಬ್ಬು ಕೊಡಲು ನಿಯಮ ಅಡ್ಡ ಬರುವುದಾದರೆ, ತಮ್ಮ ಕಚೇರಿಯ ಆ ಐದು ಮೇಜುಗಳನ್ನು ಸೋಮವಾರ ಬೆಳಿಗ್ಗೆಯೊಳಗೆ ತಂದು ನಮ್ಮ ರಸ್ತೆಗೆ ಅಡ್ಡಲಾಗಿ ಹಾಕಿಸಿ. ಅವುಗಳನ್ನು ದಾಟಲು ಒಂದು ಹಾಳೆ ಕಾಗದಕ್ಕೇ ಏಳು ತಿಂಗಳು ಹಿಡಿಯಿತು ಎಂದ ಮೇಲೆ, ಸರಕು ತುಂಬಿದ ಲಾರಿಗೆ ಎಷ್ಟು ಹಿಡಿದೀತೆಂದು ಲೆಕ್ಕ ಹಾಕುವುದು ಎಂಜಿನಿಯರರಾದ ತಮಗೆ ಕಷ್ಟವಲ್ಲ. ಅದೂ ಆಗದಿದ್ದರೆ, ಅರ್ಹತೆಗೆ ಬೇಕಾದ ಮೂವರನ್ನು ಆರಿಸುವ ಕ್ರಮವನ್ನಾದರೂ ತಿಳಿಸಿಕೊಡಿ; ಹಾಜರಿ ಪುಸ್ತಕ ದೊಡ್ಡ ಟೀಚರ್ ಬಳಿ ಸಿದ್ಧವಾಗಿದೆ. ಎತ್ತರದ ಕ್ರಮವೋ, ತೂಕದ ಕ್ರಮವೋ, ಅಕಾರಾದಿಯೋ? ಅಕಾರಾದಿಯಾದರೆ ನನ್ನ ತಂಗಿಯ ಮಗಳ ಹೆಸರು ಮೊದಲ ಮೂರರಲ್ಲೇ ಇದೆ. ಹಕಾರಪ್ಪನಿಗೆ ಹೇಳಿ ಅವಳ ಹೆಸರಿನ ಮುಂದೊಂದು ಹಕಾರ ಕೂರಿಸಿ, ಪಟ್ಟಿಯ ಕೊನೆಗೆ ತಳ್ಳಿಬಿಡಬಹುದೇ ಎಂಬ ಯೋಚನೆ ನನಗೂ ಒಂದು ಕ್ಷಣ ಬಂದುಹೋಯಿತು. ಆಮೇಲೆ, ಅವಳು ಹಿಂದೆ ಸರಿದರೆ ಮುಂದೆ ಬರುವ ನಾಲ್ಕನೆಯ ಮಗುವಿಗೂ ಎಲ್ಲೋ ಒಬ್ಬ ಮಾವ ಇರುತ್ತಾನೆ ಎಂಬುದು ಹೊಳೆದು, ಆ ತಿದ್ದುಪಡಿಯನ್ನು ಕೈಬಿಟ್ಟೆ. ಕೈಬಿಡುವುದಕ್ಕೆ ನನಗೆ ಹಿಡಿದದ್ದು ಒಂದು ನಿಮಿಷ. ತಮಗೆ ಎರಡು ವರ್ಷ ಸಾಲದಾಗಿದೆ. ನನಗಿಂತ ಹೆಚ್ಚು ಓದಿದವರು, ನಿಧಾನವಾಗಿ ಯೋಚಿಸುತ್ತೀರಿ. ಆ ನಿಧಾನದಲ್ಲಿ ಒಂದು ಹಿಡಿಯನ್ನು ತಂದು ನಮ್ಮ ಗೇಟಿನ ಮುಂದೆ ಸುರಿದಿದ್ದರೆ ಅದೇ ಒಂದು ಉಬ್ಬಾಗುತ್ತಿತ್ತು.

ಈ ಪತ್ರದ ಒಂದು ಪ್ರತಿಯನ್ನು ಶಾಲೆಯ ಗೇಟಿಗೂ ಇನ್ನೊಂದನ್ನು ನಮ್ಮ ಮುದ್ರಣಾಲಯದ ಬಾಗಿಲಿಗೂ ಅಂಟಿಸಿದ್ದೇನೆ. ನಮ್ಮ ಮಾಲೀಕರು ಊರಿನಲ್ಲಿಲ್ಲ. ಬಂದು ಓದಿದ ಮೇಲೆ ನಾನೂ ಇಲ್ಲಿ ಇರುತ್ತೇನೋ ಇಲ್ಲವೋ. ಗೇಟಿನ ಪ್ರತಿಯನ್ನು ಓದಲು ತಾವೇ ಬರುವುದಾದರೆ ದಯವಿಟ್ಟು ಸೋಮವಾರ ಎಂಟೂ ನಲವತ್ತಕ್ಕೆ ಬನ್ನಿ, ಈಚೆ ಬದಿಯಲ್ಲಿ ಕಾರು ನಿಲ್ಲಿಸಿ, ಆಚೆಗೆ ನಡೆದು ದಾಟಿ. ಕೈಹಿಡಿಯಲು ಆಯಮ್ಮ ಇರುವುದಿಲ್ಲ. ಗೇಟಿನ ಒಳಗೆ ನಿಂತು, ತಮ್ಮ ಆಜ್ಞೆಯಂತೆ, ನೋಡುತ್ತಿರುತ್ತಾರೆ.

ಹುಬ್ಬು ಗಂಟಿಕ್ಕದೆ ಇಲ್ಲಿಯ ತನಕ ಓದಿದ ತಮ್ಮ ತಾಳ್ಮೆಗೆ ತಲೆಬಾಗಿ,

ತಮ್ಮ ವಿಶ್ವಾಸಿ,
(ವಿಶ್ವಾಸ ಎಂಬುದನ್ನು ಬೇರೆ ಯಾವ ರೀತಿಯಲ್ಲೂ ತಿದ್ದಿ ಓದಿಕೊಳ್ಳಬಾರದಾಗಿ ವಿನಂತಿ)
ಕಿಟಕಿ ಪಕ್ಕದ ಕರಡು ತಿದ್ದುವವನು

ತಾ.ಕ.: ತಮ್ಮ ಅಭಿನಂದನಾ ಪುಸ್ತಕದ ಮುಖಪುಟ ಸಿದ್ಧವಾಗಿದೆ. ದಪ್ಪ ಅಕ್ಷರ, ಹಸಿರು ಬಣ್ಣ, ತಮ್ಮ ನಗುಮುಖದ ಚಿತ್ರ. ಹಕಾರಪ್ಪ ಎಂದಿನ ಔದಾರ್ಯದಿಂದ ಅಲ್ಲಿಯೂ ಒಂದು ಹಕಾರ ಸೇರಿಸಿ, ‘ನಂಬಿಕೆಯ ಹಾಳು’ ಎಂದು ಕೂರಿಸಿದ್ದಾನೆ. ಕೆಂಪು ಪೆನ್ನು ನನ್ನ ಕೈಯಲ್ಲಿಯೇ ಇದೆ. ಆದರೆ ಒಮ್ಮೆ ಒಪ್ಪಿಗೆಯಾಗಿ ವಿಲೇವಾರಿಯಾದದ್ದರಲ್ಲಿ ಒಂದು ಅಕ್ಷರವನ್ನೂ ತಿದ್ದಬಾರದು ಎಂದು ತಮ್ಮಿಂದಲೇ ಕಲಿತಿದ್ದೇನೆ. ಅಚ್ಚು ಶುರುವಾಗುವುದು ಶುಕ್ರವಾರ ಸಂಜೆ ಐದಕ್ಕೆ. ಅಷ್ಟರೊಳಗೆ ಉಬ್ಬು ಬಂದರೆ ಹಕಾರ ಹೋಗುತ್ತದೆ. ಉಬ್ಬು ಬಾರದಿದ್ದರೆ ಹಕಾರ ಸಭಾಂಗಣದ ತನಕ ಬರುತ್ತದೆ. ತಮ್ಮ ಸಿಬ್ಬಂದಿ ಇದನ್ನು ಮೊದಲೇ ತಡೆಯಬಾರದಿತ್ತೇ ಎಂದು ತಾವು ಕೇಳಬಹುದು. ನಿನ್ನೆ ಮಧ್ಯಾಹ್ನ ಮುಖಪುಟದ ಕರಡನ್ನು ತಮ್ಮ ಕಚೇರಿಗೆ ಕಳಿಸಿದ್ದೆವು. ಅಭಿನಂದನಾ ಸಮಿತಿಯ ಐದೂ ಜನ ಓದಿ, ಒಪ್ಪಿ, ಸಹಿ ಹಾಕಿ, ಸಂಜೆಯೊಳಗೆ ವಾಪಸು ಕಳಿಸಿದ್ದಾರೆ. ಒಬ್ಬರ ಹುಬ್ಬೂ ಏರಲಿಲ್ಲ.